114 ವಿಕೆಟ್ಟು, ಒಂದು ಮಣ್ಣಿನ ಕುಡಿಕೆ
(ಗುರುಪುರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳು)



ಆಟದಲ್ಲಿ ಜಾತಿ ಇಲ್ಲ ಅಂತಾರೆ. ನಾನು ಓದಿದ ಶಾಲೆಯಲ್ಲಿ ಬೇಲಿಯಾಚೆ ಬಿದ್ದ ಚೆಂಡು ತರೋದು ಕೇರಿ ಹುಡುಗರ ಕೆಲಸ, ಬ್ಯಾಟು ಹಿಡಿಯೋದು ಊರ ಹುಡುಗರ ಹಕ್ಕು. ಆದ್ದರಿಂದ ಇವತ್ತು ಒಬ್ಬ ಆಟಗಾರರ ಕಥೆ ಹೇಳುತ್ತೇನೆ.

ಪಲ್ವಂಕರ್ ಬಾಲೂ. ನಮ್ಮ ಧಾರವಾಡದಲ್ಲಿ ಹುಟ್ಟಿದವರು, ಚಮ್ಮಾರ ಜಾತಿಯವರು. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನ ಹಸನು ಮಾಡುತ್ತಿದ್ದರು. ಸಂಬಳ ತಿಂಗಳಿಗೆ 4 ರೂಪಾಯಿ. ಸಾಹೇಬರ ಅಭ್ಯಾಸಕ್ಕೆ ಗಂಟೆಗಟ್ಟಲೆ ಎಡಗೈ ಸ್ಪಿನ್ ಹಾಕುತ್ತಿದ್ದರು. ಬ್ಯಾಟು ಮಾತ್ರ ಅವರ ಕೈಗೆ ಬರಲಿಲ್ಲ. ಆ ಬಿಳಿಯರನ್ನು ಸೋಲಿಸುವ ಆಸೆ ಹುಟ್ಟಿದಾಗ ಪುಣೆಯ ಹಿಂದೂಗಳ ತಂಡ ಬಾಲೂರನ್ನು ಕರೆಯಿತು. ಆದರೆ ಟೀ ಹೊತ್ತಿನಲ್ಲಿ ಅವರು ಪೆವಿಲಿಯನ್ನಿನ ಹೊರಗೆ. ಕುಡಿಯಲು ಮಣ್ಣಿನ ಕುಡಿಕೆ. ಅವರು ಮುಟ್ಟಿದ ಚೆಂಡು ಮೈಲಿಗೆಯಲ್ಲ, ಮುಟ್ಟಿದ ಲೋಟ ಮೈಲಿಗೆ! ಹೋಟೆಲಿನ ಬೇರೆ ಲೋಟ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1911ರ ಬೇಸಿಗೆಯಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ನಾಯಕ ಪಟಿಯಾಲದ ಮಹಾರಾಜ. ಆಡಿದ್ದು 23 ಪಂದ್ಯ, ಗೆದ್ದದ್ದು 6, ಸೋತದ್ದು 15. ಅಷ್ಟು ಸೋಲಿನ ನಡುವೆ ಬಾಲೂ ಒಬ್ಬರೇ 114 ವಿಕೆಟ್ಟು ಕಿತ್ತರು. ಹಿಂದೂ ತಂಡ ಇಂಥವರನ್ನು ನಾಯಕರನ್ನಾಗಿ ಮಾಡಿತೇ? ಇಲ್ಲ. 1920ರಲ್ಲಿ ತಂಡದಿಂದಲೇ ಕೈಬಿಟ್ಟಿತು. ಆಗ ತಮ್ಮಂದಿರಾದ ವಿಠ್ಠಲ, ಶಿವರಾಮ ಇಬ್ಬರೂ "ನಾವು ಆಡೋಲ್ಲ" ಎಂದು ಹೊರಗುಳಿದರು. ಮುಂದಿನ ಪಂದ್ಯಕ್ಕೆ ಬಾಲೂ ಮರಳಿದರು, ಉಪನಾಯಕರಾಗಿ! 1923ರಲ್ಲಿ ವಿಠ್ಠಲ ನಾಯಕರಾದರು, ಹಿಂದೂ ತಂಡ ಗೆದ್ದಿತು. 114 ವಿಕೆಟ್ಟು ತೆರೆಯದ ಬಾಗಿಲನ್ನು ಇಬ್ಬರು ತಮ್ಮಂದಿರ ಪ್ರತಿಭಟನೆ ತೆರೆಯಿತು.

ಅಮೆರಿಕದ ಕರಿಯರ ಕಥೆಯೂ ಇದೇ. ಅವರ ದೇಶದ ಆಟ ಬೇಸ್‌ಬಾಲ್. ಅದರ ದೊಡ್ಡ ಲೀಗುಗಳು ಸುಮಾರು 60 ವರ್ಷ ಕರಿಯರನ್ನು ಹೊರಗಿಟ್ಟಿದ್ದವು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಪರ ಮೈದಾನಕ್ಕಿಳಿದರು. ಬೈಗುಳ, ಕೊಲೆ ಬೆದರಿಕೆ ಎಲ್ಲವನ್ನೂ ನುಂಗಿಕೊಂಡು ಆಡಿ, ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಎನಿಸಿಕೊಂಡರು. ಆದರೂ ಕೊನೆಯ ತಂಡವೊಂದು ಕರಿಯ ಆಟಗಾರನನ್ನು ಸೇರಿಸಿಕೊಂಡದ್ದು 1959ರಲ್ಲಿ. ಒಬ್ಬನ ಪ್ರತಿಭೆ ಕಣ್ಣ ಮುಂದಿದ್ದರೂ 12 ವರ್ಷ ಬೇಕಾಯಿತು.

ನೀವು ಕೇಳಬಹುದು: ಈ ಬಾಲೂ 1937ರ ಚುನಾವಣೆಯಲ್ಲಿ ಬಾಬಾಸಾಹೇಬರ ವಿರುದ್ಧವೇ ನಿಂತವರಲ್ಲವೇ? ಹೌದು. ಕಾಂಗ್ರೆಸ್ಸು ನಿಲ್ಲಿಸಿತು, ನಿಂತರು, ಸೋತರು. ಇದನ್ನು ಮುಚ್ಚಿಡಬೇಕಾಗಿಲ್ಲ. ಟೀ ಲೋಟ ಕೊಡದವರು ಓಟು ಬೇಕಾದಾಗ ನಮ್ಮವರಲ್ಲೇ ಒಬ್ಬರನ್ನು ಹುಡುಕಿ, ನಮ್ಮೆದುರಿಗೇ ನಿಲ್ಲಿಸುತ್ತಾರೆ. ಇದೂ ಒಂದು ಪಾಠ.

ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯಿಂದ ಬಂದ ತಮ್ಮಂದಿರೇ, ತಂಗಿಯರೇ, ಆಡಿ, ಓದಿ, ಮುಂದೆ ಬನ್ನಿ. ನಾಳೆ ನಿಮ್ಮಲ್ಲೊಬ್ಬರು ಹೆಸರು ಮಾಡಿದಾಗ ಹಾರ ಹಾಕೋಕೆ ಬಹಳ ಜನ ಬರ್ತಾರೆ. ಆಗ ಒಂದೇ ಪ್ರಶ್ನೆ ಕೇಳಿ: ನನ್ನ ಕೇರಿಯವರಿಗೆ ಕೊಡೋ ಲೋಟ ಯಾವುದು? ನಿಮ್ಮಲ್ಲೊಬ್ಬರನ್ನು ಹೊರಗಿಟ್ಟ ದಿನ ಉಳಿದವರು ಆ ತಮ್ಮಂದಿರ ಹಾಗೆ ಎದ್ದು ಹೊರಗೆ ಬನ್ನಿ.

ಜೈ ಭೀಮ್.