ಬಿದ್ದು ಎದ್ದ ಜಾಕಿ ಚಾನ್, ಎದ್ದು ಬರದ ಅನಿಲ್-ಉದಯ್

ಜಾಕಿ ಚಾನ್ ಫೈಟ್‌ಗಳನ್ನ ನೀವು ರೀಲ್ಸ್‌ನಲ್ಲಿ ನೋಡೇ ಇರ್ತೀರಿ. ಆ ಫೈಟ್‌ಗಳಿಗೆ ಮೈ ಎಷ್ಟು ಬೆಲೆ ಕಟ್ಟುತ್ತೆ ಅನ್ನೋದು ಇವತ್ತಿನ ಮಾತು.

ಜಾಕಿ ಹುಟ್ಟಿದ್ದು 1954ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಅಪ್ಪ-ಅಮ್ಮ ದುಡಿಯೋಕೆ ಅಂತ ಆಸ್ಟ್ರೇಲಿಯಾಕ್ಕೆ ಹೋದ್ರು, ಹುಡುಗ ಪೀಕಿಂಗ್ ಒಪೆರಾ ಶಾಲೆಯಲ್ಲಿ ಬೆಳೆದ. ಹಾಡು, ಕುಣಿತ, ಲಾಗ, ಕುಂಗ್ ಫೂ, ಜೊತೆಗೆ ಗುರುವಿನ ಬೆತ್ತದ ಏಟು. ಆದರೆ ಶಾಲೆ ಮುಗಿಯೋ ಹೊತ್ತಿಗೆ ಒಪೆರಾ ನೋಡೋರೇ ಕಮ್ಮಿಯಾಗಿದ್ರು. ಆ ವಿದ್ಯೆಗೆ ಕೂಲಿ ಸಿಕ್ಕಿದ್ದು ಸಿನಿಮಾ ಸ್ಟಂಟ್‌ನಲ್ಲಿ.

1972ರ 'ಫಿಸ್ಟ್ ಆಫ್ ಫ್ಯೂರಿ'ಯಲ್ಲಿ ಬ್ರೂಸ್ ಲೀ ಒದ್ದಾಗ ವಿಲನ್ ಹಿಂದಕ್ಕೆ ಹಾರಿ ಬೀಳ್ತಾನಲ್ಲ, ಅಲ್ಲಿ ಡೂಪ್ ಆಗಿ ಬಿದ್ದವರು ಜಾಕಿ. ಲೀ ತೀರಿಹೋದ ಮೇಲೆ ನಿರ್ಮಾಪಕರು ಇವರನ್ನ ಎರಡನೇ ಬ್ರೂಸ್ ಲೀ ಮಾಡೋಕೆ ಹೊರಟ್ರು. ಚಿತ್ರ ಓಡಲಿಲ್ಲ. 1978ರ 'ಡ್ರಂಕನ್ ಮಾಸ್ಟರ್'ನಲ್ಲಿ ದಾರಿ ಬದಲಾಯ್ತು. ಇಲ್ಲಿ ಹೀರೋನೂ ಪೆಟ್ಟು ತಿಂತಾನೆ, 'ಅಯ್ಯೋ' ಅಂತಾನೆ, ನೋವಿಗೆ ಕೈ ಒದರ್ತಾನೆ. ಜನಕ್ಕೆ ಅದೇ ಇಷ್ಟ ಆಯ್ತು.

ನೋವು ಬರೀ ನಟನೆ ಆಗಿರಲಿಲ್ಲ. 1985ರ 'ಪೊಲೀಸ್ ಸ್ಟೋರಿ'ಯಲ್ಲಿ ಮಾಲ್ ಒಳಗೆ ಬಲ್ಬ್ ಸುತ್ತಿದ ಕಂಬ ಹಿಡಿದು ಜಾರಿದ್ರು, ಅಂಗೈ ಸುಟ್ಟಿತು. ಮುಂದಿನ ವರ್ಷ ಬಂದ 'ಆರ್ಮರ್ ಆಫ್ ಗಾಡ್'ಗೆ ಯುಗೋಸ್ಲಾವಿಯಾದಲ್ಲಿ ಮರಕ್ಕೆ ಹಾರಿದಾಗ ಕೊಂಬೆ ಮುರಿದು, ತಲೆಬುರುಡೆ ಒಡೆಯಿತು. ಅವರ ಚಿತ್ರಗಳ ಕೊನೆಯಲ್ಲಿ ಹೆಸರು ಓಡುವಾಗ ಇಂಥ ತಪ್ಪಿದ ಶಾಟ್‌ಗಳನ್ನ ತೋರಿಸ್ತಾರೆ. ನಾವು ನಗ್ತಾ ನೋಡ್ತೀವಿ. ನನಗೆ ಅದು ಕಾಮಿಡಿ ಅಲ್ಲ, ಖರ್ಚಿನ ಲೆಕ್ಕ ಅನ್ನಿಸುತ್ತೆ.

ಇದೇ ಜಾಕಿ 2005ರ 'ದಿ ಮಿಥ್'ಗಾಗಿ ನಮ್ಮ ಹಂಪಿಗೂ ಬಂದಿದ್ರು. 2016ರ ನವೆಂಬರ್ 12ಕ್ಕೆ ಅವರಿಗೆ ಗೌರವ ಆಸ್ಕರ್ ಸಿಕ್ತು. ಅದಕ್ಕೆ ಐದು ದಿನ ಮೊದಲು, ನವೆಂಬರ್ 7ಕ್ಕೆ, ಬೆಂಗಳೂರಿನ ಹತ್ತಿರ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಶೂಟಿಂಗ್. ಹೆಲಿಕಾಪ್ಟರ್‌ನಿಂದ ಮೂವರು ನೀರಿಗೆ ಹಾರಿದ್ರು. ನಾಯಕ ಬದುಕಿ ಬಂದ್ರು. ಖಳನಟರಾದ ಅನಿಲ್ ಮತ್ತು ಉದಯ್ ಮುಳುಗಿ ತೀರಿಕೊಂಡ್ರು.

ಜಾಕಿ ಬದುಕಿದ್ದಾರೆ, ಹಾಗಾಗಿ ಅವರ ಗಾಯ ನಮಗೆ ಸಾಹಸದ ಕಥೆ. ಅನಿಲ್, ಉದಯ್ ಹಾರುವಾಗಲೂ ಧೈರ್ಯಕ್ಕೆ ಕೊರತೆ ಇರಲಿಲ್ಲ. ಸಹಾಯ ಮಾತ್ರ ಸಮಯಕ್ಕೆ ಮುಟ್ಟಲಿಲ್ಲ.

2027ರಲ್ಲಿ ಬರೋ ಚಿತ್ರಗಳಿಂದ ಸ್ಟಂಟ್‌ಗೂ ಆಸ್ಕರ್ ಕೊಡ್ತೀವಿ ಅಂತ ಅಕಾಡೆಮಿ ಹೇಳಿದೆ. ಒಳ್ಳೇದೇ. ಆದರೆ ಪ್ರಶಸ್ತಿಗಿಂತ ಮೊದಲು ಬಲೆ, ದೋಣಿ, ಲೈಫ್ ಜಾಕೆಟ್, ವಿಮೆ ಬರಬೇಕು. ಇನ್ಮೇಲೆ ಯಾವುದಾದ್ರೂ ಚಿತ್ರತಂಡ 'ನಮ್ಮ ಹೀರೋ ಡೂಪ್ ಇಲ್ಲದೇ ಮಾಡಿದ್ದಾರೆ' ಅಂತ ಮೇಕಿಂಗ್ ವಿಡಿಯೋ ಬಿಟ್ರೆ, ಲೈಕ್ ಒತ್ತೋ ಮುಂಚೆ ಒಂದು ಪ್ರಶ್ನೆ ಹಾಕಿ: ಕೆಳಗೆ ಏನು ವ್ಯವಸ್ಥೆ ಇತ್ತು?

ಮುಂದಿನ ವಾರ ಸಿಗೋಣ.