ಮೆದುಳಿನ ಲಯವೂ ಅಯಸ್ಕಾಂತದ ಸ್ಪರ್ಶವೂ



ಹಾಸಿಗೆಯಲ್ಲಿ ಕಣ್ದೆರೆದು ಮಲಗಿದ ರೋಗಿಯೊಬ್ಬನನ್ನು ಭಾವಿಸಿರಿ. ಉಸಿರಾಡುತ್ತಾನೆ, ಆದರೆ ಕರೆದರೆ ಓಗೊಡನು, ಕೈಯೆತ್ತನು. ಬಳಿಯಲ್ಲಿ ಕುಳಿತ ತಾಯಿಯ ಪ್ರಶ್ನೆ ಒಂದೇ: ಒಳಗೆ ಅರಿವು ಉಂಟೋ ಇಲ್ಲವೋ? ಮಾತಿನ ನೆರವಿಲ್ಲದೆ ಇದಕ್ಕೆ ಉತ್ತರವನ್ನರಸುವ ಒಂದು ಶಾಸ್ತ್ರಮಾರ್ಗವು ಈಚೆಗೆ ತೆರೆದಿರುತ್ತದೆ.

ಮೆದುಳಿನ ನರಕೋಶಗಳ ವ್ಯವಹಾರವು ವಿದ್ಯುತ್ತಿನಿಂದ ನಡೆಯುವುದು. ಬಹುಸಂಖ್ಯೆಯ ಕೋಶಗಳು ಒಟ್ಟಾಗಿ ಏರಿಳಿದಾಗ ಆ ಅಲೆಗಳು ನೆತ್ತಿಯ ಚರ್ಮದ ಮೇಲೆಯೂ ಅಳತೆಗೆ ಸಿಕ್ಕುವುವು. ಜರ್ಮನಿಯ ಯೇನಾ ನಗರದ ವೈದ್ಯನಾದ ಹಾನ್ಸ್ ಬರ್ಗರನು 1924ರಲ್ಲಿ ಮನುಷ್ಯನಲ್ಲಿ ಇವನ್ನು ಮೊದಲು ದಾಖಲಿಸಿ, 1929ರಲ್ಲಿ ಪ್ರಕಟಿಸಿದನು. ಕಣ್ಮುಚ್ಚಿ ನೆಮ್ಮದಿಯಿಂದ ಕುಳಿತವನ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಸಾರಿ ಏಳುವ ಆಲ್ಫಾ ಲಯವು ಕಾಣುವುದು, ಕಣ್ದೆರೆದೊಡನೆ ಕುಗ್ಗುವುದು. ಗಾಢನಿದ್ರೆಯಲ್ಲಿ ಅಲೆಗಳು ಹಿರಿದಾಗಿ ನಿಧಾನವಾಗುವುವು.

ಈ ಲಯವನ್ನು ಹೊರಗಿನಿಂದ ಮುಟ್ಟಬಹುದೇ? ತಲೆಬುರುಡೆಯು ವಿದ್ಯುತ್ತನ್ನು ಬಹಳಮಟ್ಟಿಗೆ ತಡೆಯುವುದು, ಅಯಸ್ಕಾಂತಕ್ಷೇತ್ರವನ್ನು ತಡೆಯದು. ಬದಲಾಗುವ ಅಯಸ್ಕಾಂತಕ್ಷೇತ್ರವು ವಿದ್ಯುತ್ತನ್ನು ಹುಟ್ಟಿಸುವುದೆಂದು ಫ್ಯಾರಡೆಯು 1831ರಲ್ಲಿಯೇ ತೋರಿಸಿದ್ದನು. ಆ ತತ್ತ್ವವನ್ನಾಧರಿಸಿ, ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಆಂಥೊನಿ ಬಾರ್ಕರನೂ ಸಂಗಡಿಗರೂ 1985ರಲ್ಲಿ ತಂತಿಯ ಸುರುಳಿಯೊಂದನ್ನು ತಲೆಯ ಮೇಲೆ ಹಿಡಿದು, ಅದರಲ್ಲಿ ಕ್ಷಣಮಾತ್ರ ಪ್ರಬಲವಾದ ವಿದ್ಯುತ್ತನ್ನು ಹರಿಸಿದರು. ಚಲನೆಯನ್ನಾಳುವ ಭಾಗವು ಪ್ರಚೋದಿತವಾಗಿ ಕೈಯ ಸ್ನಾಯುವು ಮಿಡುಕಿತು.

ಗಂಟೆಗೆ ತನ್ನದೇ ನಾದವಿರುವಂತೆ ಮೆದುಳಿನ ಭಾಗಗಳಿಗೂ ತಮ್ಮತಮ್ಮ ಲಯವುಂಟು. ಇಟಲಿಯ ಸಂಶೋಧಕರು 2009ರಲ್ಲಿ ಪ್ರಕಟಿಸಿದಂತೆ, ಹಿಂಭಾಗವನ್ನು ತಟ್ಟಿದರೆ ಆಲ್ಫಾ ಲಯವೂ, ಮುಂಭಾಗವನ್ನು ತಟ್ಟಿದರೆ ಅದಕ್ಕಿಂತ ಶೀಘ್ರವಾದ ಲಯವೂ ಮೇಲೇಳುವುವು. ತೊಟ್ಟಿಲನ್ನು ಅದರ ಓಲಾಟಕ್ಕೆ ಸರಿಯಾಗಿ ತಳ್ಳಿದರೆ ತೂಗು ಹೆಚ್ಚುವುದಷ್ಟೆ. ಹಾಗೆಯೇ ಆಲ್ಫಾದ ವೇಗಕ್ಕೆ ಹೊಂದಿಸಿ ತಟ್ಟಿದರೆ ಆ ಲಯವು ಬಲಗೊಳ್ಳುವುದೆಂದು 2011ರ ಪ್ರಯೋಗವೊಂದರಲ್ಲಿ ಕಂಡುಬಂದಿತು.

ಈಗ ತಾಯಿಯ ಪ್ರಶ್ನೆಗೆ ಬರೋಣ. ಎಚ್ಚರದಲ್ಲಿರುವವನ ಮೆದುಳನ್ನು ತಟ್ಟಿದರೆ ಅದರ ಪ್ರತಿಧ್ವನಿಯು ದೂರದ ಭಾಗಗಳಿಗೂ ಹರಡಿ, ಬಗೆಬಗೆಯಾಗಿ ಮಾರ್ಪಡುವುದು. ಗಾಢನಿದ್ರೆಯಲ್ಲಿಯಾದರೋ ಅದು ತಟ್ಟಿದೆಡೆಯಲ್ಲಿಯೇ ಬೇಗ ಅಡಗುವುದೆಂದು 2005ರಲ್ಲಿ ತಿಳಿದುಬಂದಿತು. ಈ ಪ್ರತಿಧ್ವನಿಯ ಜಟಿಲತೆಯನ್ನು ಸಂಖ್ಯೆಯಾಗಿ ಅಳೆಯುವ ಕ್ರಮವು 2013ರಲ್ಲಿ ಪ್ರಕಟವಾಯಿತು. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೊರಗೆ ಅರಿವಿನ ಲಕ್ಷಣವೊಂದನ್ನೂ ತೋರದ 43 ರೋಗಿಗಳ ಪೈಕಿ 9 ಮಂದಿಯ ಪ್ರತಿಧ್ವನಿಯು ಅರಿವುಳ್ಳವರದರಂತೆಯೇ ಜಟಿಲವಾಗಿದ್ದಿತು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಈ ಸಂಖ್ಯೆಯು ಅರಿವಿನ ಗುರುತೇ ಹೊರತು ಅರಿವಲ್ಲ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು, ಹೊಗೆಯೇ ಬೆಂಕಿಯಲ್ಲ. ಎರಡನೆಯದಾಗಿ, ಈ ಉಪಕರಣವು ಆಟದ ವಸ್ತುವಲ್ಲ. ಖಿನ್ನತೆಯ ಚಿಕಿತ್ಸೆಗೆ ಅಮೆರಿಕೆಯಲ್ಲಿ 2008ರಲ್ಲಿ ಇದಕ್ಕೆ ಅನುಮತಿ ದೊರೆಯಿತಾದರೂ, ಅಪರೂಪವಾಗಿ ಸೆಳವು ಬರುವ ಅಪಾಯವುಂಟು. ತಲೆಯೊಳಗೆ ಲೋಹದ ತುಣುಕುಳ್ಳವರಿಗೆ ಇದು ಸಲ್ಲದಿರಬಹುದು. ಆದುದರಿಂದ ಬಲ್ಲ ವೈದ್ಯರ ಕೈಯಲ್ಲಿಯೇ ಇದು ಇರತಕ್ಕದ್ದು.

ಆ ಒಂಬತ್ತು ಮಂದಿಯನ್ನು ನೆನೆದರೆ ಸಾಕು: ಓಗೊಡದವನು ಒಳಗೆ ಇಲ್ಲದವನೆಂದು ಎಣಿಸಲಾಗದು. ಅಂಥವನ ಹಾಸಿಗೆಯ ಬಳಿ ಆಡುವ ಮಾತು ಮೃದುವಾಗಿರಲಿ. ಅದನ್ನು ಅವನು ಕೇಳುತ್ತಿರಬಹುದು.