ಗಂಟೆ ಎಣಿಸುವ ಮಾಪಕ

ಜೋರು ಮಳೆಗೆ ಲಂಡನ್ನಿನ ಒಳಚರಂಡಿಗಳು ತುಂಬಿ ಕೊಳಚೆ ಥೇಮ್ಸ್ ನದಿಗೆ ಹರಿಯುತ್ತದೆ. ಇಂಗ್ಲೆಂಡಿನಾದ್ಯಂತ ಇಂಥ ಹರಿವನ್ನು 2050ರೊಳಗೆ ತಗ್ಗಿಸುವ ಯೋಜನೆಯನ್ನು ಸರ್ಕಾರ 2022ರಲ್ಲಿ ಪ್ರಕಟಿಸಿತು. 2023ರ ಅಂತ್ಯಕ್ಕೆ ಹೊರಹರಿವಿನ ಬಾಯಿಗಳಿಗೆಲ್ಲ ಮಾಪಕ ಬಂತು. ಸಣ್ಣ ಸಾಧನೆಯಲ್ಲ. ಆದರೆ ಆ ಮಾಪಕಗಳು ಎಣಿಸುವುದು ಎಷ್ಟು ಸಲ, ಎಷ್ಟು ಹೊತ್ತು ಹರಿಯಿತೆಂಬುದನ್ನು; ಎಷ್ಟು ಹರಿಯಿತು, ಏನು ಹರಿಯಿತು ಎಂಬುದನ್ನಲ್ಲ. ಲೆಕ್ಕ ಒಪ್ಪಿಸುವವರೂ 1989ರಲ್ಲಿ ಖಾಸಗೀಕರಣಗೊಂಡ ನೀರಿನ ಕಂಪನಿಗಳೇ. ಪರೀಕ್ಷೆ ಬರೆದವನೇ ಅಂಕ ಹಾಕಿಕೊಂಡಂತೆ!

ಕೊಳಚೆನೀರಿನ ನಿರ್ವಹಣೆ, ಲಾಭಾಂಶ ಹಂಚಿಕೆ ಎರಡರಲ್ಲೂ ನಿಯಮ ಮೀರಿದ್ದಕ್ಕಾಗಿ ನಿಯಂತ್ರಕ ಸಂಸ್ಥೆ ಆಫ್‌ವಾಟ್ 2025ರ ಮೇ ತಿಂಗಳಲ್ಲಿ ಥೇಮ್ಸ್ ವಾಟರ್‌ಗೆ 12.27 ಕೋಟಿ ಪೌಂಡ್ ದಂಡ ವಿಧಿಸಿತು. ಅಷ್ಟರಲ್ಲಿ 25 ಕಿಲೋಮೀಟರ್ ಉದ್ದದ ಟೈಡ್‌ವೇ ಸುರಂಗ ಪೂರ್ಣವಾಗಿ ಜೋಡಣೆಗೊಂಡು ಕೊಳಚೆಯನ್ನು ತಡೆದಿಡತೊಡಗಿತ್ತು. ಅದರ ವೆಚ್ಚ ಲಂಡನ್ನಿನ ಮನೆಮನೆಯ ನೀರಿನ ಬಿಲ್ಲಿನಲ್ಲಿದೆ.